ಪಿಕಪ್ ಇಲ್ಲದ ಕಾರು

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಬದಿಯಲ್ಲೊಂದು ಗ್ಯಾರೇಜು. ಒಂದು ಭಾನುವಾರ ಬೆಳಿಗ್ಗೆ ತಂದೆ-ಮಗ ಇಬ್ಬರೂ ಅಲ್ಲಿಗೆ ತಮ್ಮ ಡೀಸೆಲ್ ಕಾರನ್ನು ತಂದು ನಿಲ್ಲಿಸಿದರು. ತಂದೆಯದು ಮಂಡಕ್ಕಿ ಭಟ್ಟಿ. ಮಗ ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಮನೆಯಿಂದ ಇಲ್ಲಿಯವರೆಗೂ ಇಬ್ಬರ ನಡುವೆ ಮಾತಿರಲಿಲ್ಲ.

ಕಾರಣ ಎರಡು. ಹುಡುಗ ಮೂರು ವಿಷಯಗಳಲ್ಲಿ ಫೇಲಾಗಿದ್ದ. ಸಾಲದ್ದಕ್ಕೆ ರಜೆಯಲ್ಲಿ ದುಡಿದ ಹಣವನ್ನೆಲ್ಲ ಸುರಿದು ಅಪ್ಪನ ಕಾರಿಗೆ ದೊಡ್ಡ ಟರ್ಬೊ ಹಾಕಿಸಿದ್ದ. ಈಗ ಆಕ್ಸಿಲರೇಟರ್ ತುಳಿದರೆ ಕಾರು ಕಪ್ಪು ಹೊಗೆ ಉಗುಳುತ್ತಿತ್ತೇ ಹೊರತು ಮುನ್ನುಗ್ಗುತ್ತಿರಲಿಲ್ಲ. ‘ಕಾರೂ ಡಲ್, ಮಗನೂ ಡಲ್. ನಾಳೆ ಟಿ.ಸಿ. ತಂದು ಭಟ್ಟಿಗೇ ಕೂರಿಸ್ತೀನಿ’ ಎಂದು ತಂದೆ ಎಲ್ಲರೆದುರೇ ಹೇಳಿಬಿಟ್ಟರು.

‘ಟರ್ಬೊನೇ ಕೆಟ್ಟಿದೆ ಸಾಹೇಬ್ರೇ, ಬೇರೆ ತರಿಸೋಣ’ ಎಂದ ಹುಡುಗ.

‘ನೋಡದೇ ಹೇಳಬ್ಯಾಡ ತಮ್ಮಾ’ ಎಂದರು ವಯಸ್ಸಾದ ಮೆಕ್ಯಾನಿಕ್.

ಟರ್ಬೊ ಕೆಲಸ ಸರಳ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಕಪ್ಪು ಹೊಗೆ ಎಂದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಹಾಗಾದರೆ ಗಾಳಿ ಎಲ್ಲಿ ಹೋಗುತ್ತಿದೆ?

ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ, ಗಾಳಿಯ ಕೊಳವೆಯ ಬಾಯಿ ಮುಚ್ಚಿ, ಸಣ್ಣ ಒತ್ತಡದಲ್ಲಿ ಗಾಳಿ ಬಿಟ್ಟರು. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಬಳಿದರು. ಪಂಕ್ಚರ್ ಅಂಗಡಿಯ ಉಪಾಯವೇ! ಇಂಟರ್‌ಕೂಲರ್ ಪೈಪಿನ ಬಳಿ ಗುಳ್ಳೆ ಎದ್ದವು. ಹೊಸ ಟರ್ಬೊ ಕೂರಿಸುವಾಗ ಒಂದು ಕ್ಲಿಪ್ಪನ್ನು ಸರಿಯಾಗಿ ಬಿಗಿದಿರಲಿಲ್ಲ. ಅದನ್ನು ಬಿಗಿದಾಯಿತು. ಆಮೇಲೆ ವೇಸ್ಟ್‌ಗೇಟ್. ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಚಕ್ರದ ಪಕ್ಕದಿಂದ ಹೊರಬಿಡುವ ಪುಟ್ಟ ಬಾಗಿಲು ಅದು. ಅದರ ಕಡ್ಡಿಯ ಅಳತೆ ತಪ್ಪಿ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಚಕ್ರ ತಿರುಗಿಸಬೇಕಾದ ಹೊಗೆ ಸುಮ್ಮನೆ ಸೋರಿಹೋಗುತ್ತಿತ್ತು. ಅದೂ ಸರಿಯಾಯಿತು.

ರಸ್ತೆಗಿಳಿಸಿ ನೋಡಿದರೆ ಹೊಗೆ ಮಾಯ. ಕಾರಿಗೆ ಜೀವ ಬಂದಿತ್ತು. ಆದರೂ ಮೊದಲಿಗಿಂತ ಸ್ವಲ್ಪ ತಡ.

‘ಇನ್ನು ಉಳಿದದ್ದು ರೋಗ ಅಲ್ಲ, ಚಕ್ರದ ಗುಣ’ ಎಂದರು ಮೆಕ್ಯಾನಿಕ್.

ಹುಡುಗನ ಮುಖ ಅರಳಿತು. ‘ಹೌದು ಸಾಹೇಬ್ರೇ! ಅದೇ ಆಕಾರ, ಅದೇ ಲೋಹ ಇದ್ದರೂ ಚಕ್ರದ ವ್ಯಾಸ ಶೇಕಡಾ 10 ಹೆಚ್ಚಿದರೆ ಅದರ ಜಡತ್ವ ಸುಮಾರು 1.6 ಪಟ್ಟು ಆಗುತ್ತೆ. ವ್ಯಾಸದ ಐದನೇ ಘಾತ. ನಿಮಿಷಕ್ಕೆ ಲಕ್ಷ ಸುತ್ತು ಮುಟ್ಟೋಕೆ ಅದಕ್ಕೆ ಸಮಯ ಬೇಕು.’ ಅಷ್ಟಕ್ಕೇ ನಿಲ್ಲಿಸದೆ ಫ್ರಾನ್ಸಿನ ರೆನೋ ಕಂಪನಿಯ ಕಥೆಯನ್ನೂ ಹೇಳಿದ. 1977ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಅದು ಫಾರ್ಮುಲಾ ಒನ್ ರೇಸಿಗೆ ಮೊದಲ ಟರ್ಬೊ ಕಾರನ್ನು ಇಳಿಸಿತು. ಒಂದೇ ದೊಡ್ಡ ಟರ್ಬೊ ಇದ್ದ ಆ ಕಾರು ತಿರುವು ದಾಟಿ ವೇಗ ಪಡೆಯಲು ತಡಮಾಡುತ್ತಿತ್ತು, ಪದೇ ಪದೇ ಹೊಗೆ ಕಾರಿ ನಿಲ್ಲುತ್ತಿತ್ತು. ಜನ ಅದಕ್ಕೆ ‘ಹಳದಿ ಟೀ ಪಾತ್ರೆ’ ಎಂದು ಹೆಸರಿಟ್ಟು ನಕ್ಕರು. 1979ರಲ್ಲಿ ಆ ಒಂದರ ಬದಲು ಎರಡು ಚಿಕ್ಕ ಟರ್ಬೊಗಳನ್ನು ಜೋಡಿಸಿದರು. ಅದೇ ವರ್ಷ ಜುಲೈ 1ರಂದು ದಿಜೋನ್‌ನಲ್ಲಿ ಜಾನ್ ಪಿಯರ್ ಜಬೂಯಿ ಆ ಕಾರಿನಲ್ಲಿ ಗೆದ್ದ.

ತಂದೆ ಮಗನನ್ನೇ ನೋಡುತ್ತಿದ್ದರು. ‘ಇಷ್ಟೆಲ್ಲಾ ಗೊತ್ತಿದ್ದೂ ಹೆಂಗೋ ಫೇಲಾದೆ?’

ಹುಡುಗ ತಲೆ ತಗ್ಗಿಸಿದ. ‘ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ ಅಲ್ಲವೇನಪ್ಪಾ? ಕ್ಲಾಸಲ್ಲಿ ಇಂಗ್ಲಿಷ್ ವೇಗಕ್ಕೆ ಅರ್ಥ ಆಗ್ತಿರಲಿಲ್ಲ. ಕೇಳೋಕೆ ನಾಚಿಕೆ. ಮನೇಲಿ ಹೇಳೋಕೆ ಹೆದರಿಕೆ.’

ಗಾಳಿ ಸೋರುತ್ತಿದ್ದ ಜಾಗ ತಂದೆಗೆ ಕಂಡಿತು. ಅವರು ಮತ್ತೇನೂ ಕೇಳಲಿಲ್ಲ.

ಊರೊಳಗೆ ಓಡಾಡುವ ಕಾರಿಗೆ ಕಂಪನಿ ಕೊಟ್ಟ ಟರ್ಬೊವೇ ಸರಿ, ವಾಹನದ ರಚನೆಯನ್ನು ಮನಬಂದಂತೆ ಬದಲಿಸಲು ಕಾನೂನೂ ಬಿಡುವುದಿಲ್ಲ ಎಂದು ಮೆಕ್ಯಾನಿಕ್ ತಿಳಿಹೇಳಿದರು. ಹಳೆಯದನ್ನೇ ಮತ್ತೆ ಕೂರಿಸುವುದೆಂದು ತೀರ್ಮಾನವಾಯಿತು. ಹುಡುಗನ ಹಣ ಹೋಯಿತು. ಆದರೆ ಟಿ.ಸಿ.ಯ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ತಂದೆ ಕೇಳಿದ್ದು ಒಂದೇ: ‘ಆ ಮೂರು ವಿಷಯ ಬಿಡಿಸಿ ಹೇಳಿಕೊಡೋರು ಊರಲ್ಲಿ ಯಾರಿದಾರೆ ನೋಡೋಣ ನಡಿ.’

ಮಗು ಹಿಂದೆ ಬಿದ್ದಾಗ ನಾವು ಮೊದಲು ಮಗುವನ್ನೇ ದೂರುತ್ತೇವೆ. ಸೋರಿಕೆ ಎಲ್ಲಿದೆಯೆಂದು ಹುಡುಕುವುದು ಆಮೇಲೆ. ಗ್ಯಾರೇಜಿನ ಕ್ರಮವೇ ಮನೆಗೂ ಒಳ್ಳೆಯದು. ಮೊದಲು ಸೋರಿಕೆ ಹುಡುಕಬೇಕು, ಅದನ್ನು ಬಿಗಿಯಬೇಕು. ಆಮೇಲೂ ಒಂದಿಷ್ಟು ತಡ ಉಳಿದರೆ, ದೊಡ್ಡ ಚಕ್ರ ವೇಗ ಪಡೆಯುವವರೆಗೆ ಕಾಯಬೇಕು.