ಹದಿನೆಂಟು ಸಾವಿರದ ಮರಿ

"ಬೆಕ್ಕನ್ನ ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನೋ? ಊರಲ್ಲಿ ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗಿ ಬಿಟ್ಟು ಬರ್ತಿದ್ರು!" ಪರ್ಷಿಯನ್ ಮರಿಯನ್ನು ಮನೆಗೆ ತಂದ ದಿನ ಅಮ್ಮ ಆಡಿದ ಮೊದಲ ಮಾತಿದು. ಐದು ಸಾವಿರ ಅಂದಿದ್ದೆ. ಕೊಟ್ಟಿದ್ದು 18 ಸಾವಿರ.

ಮೂರು ತಿಂಗಳ ಮರಿ. ಚಪ್ಪಟೆ ಮೂತಿ, ಹತ್ತಿ ಉಂಡೆಯಂಥ ಮೈ. ಬಂದಿದ್ದೇ ಮಂಚದ ಕೆಳಗೆ ಸೇರಿಕೊಂಡಿತು. ಹೊಸ ಜಾಗ, ಅದರ ಪಾಡಿಗೆ ಬಿಡಿ ಎಂದು ಡಾಕ್ಟರ್ ಹೇಳಿದ್ದರು. ಅಮ್ಮನಿಗೆ ತಡೆಯಲಾಗಲಿಲ್ಲ. ಮರುದಿನ ನಾನು ಆಫೀಸಿಗೆ ಹೋದಮೇಲೆ ತಟ್ಟೆಯಲ್ಲಿ ಹಾಲಿಟ್ಟಿದ್ದಾರೆ. ಮರಿ ಹೊರಗೆ ಬಂದು ಪೂರ್ತಿ ಕುಡಿದಿದೆ. ಸಂಜೆಯಿಂದ ಭೇದಿ ಶುರು.

ರಾತ್ರಿ ಹನ್ನೊಂದಕ್ಕೆ ಆಟೋ ಹಿಡಿದು ಕ್ಲಿನಿಕ್‌ಗೆ ಹೊರಟೆವು. ಹಳೇ ಟವೆಲ್‌ನಲ್ಲಿ ಸುತ್ತಿದ ಮರಿ ಅಮ್ಮನ ಮಡಿಲಲ್ಲಿ. "ನಮ್ಮನೆ ಬೆಕ್ಕುಗಳೆಲ್ಲ ಹಾಲು ಕುಡ್ಕೊಂಡೇ ಬದುಕಿದ್ವಲ್ಲೋ" ಅಂತ ದಾರಿಯುದ್ದಕ್ಕೂ ಅದೇ ಮಾತು. ತಾಯಿ ಹಾಲು ಬಿಟ್ಟ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ, ಜಾತಿ ಬೆಕ್ಕಿಗೆ ಮಾತ್ರ ಅಲ್ಲ ಅಂದರು ಡಾಕ್ಟರ್. ಊರಿನವಕ್ಕೂ ಹೊಟ್ಟೆ ಕೆಡುತ್ತಿತ್ತೇನೋ, ಹಿತ್ತಲಲ್ಲಿ ಯಾರು ನೋಡಿದ್ದು? ತಪ್ಪು ನನ್ನದೇ. ಬಾಚಣಿಗೆ, ಮರಳಿನ ಟ್ರೇ, ಲಸಿಕೆ ಕಾರ್ಡು ಎಲ್ಲ ಜೋಡಿಸಿದ್ದೆ, ಅಮ್ಮನಿಗೆ ಒಂದು ಮಾತು ಹೇಳಿರಲಿಲ್ಲ.

ಮರಿ ಚೇತರಿಸಿಕೊಂಡಿತು. ಉದ್ದ ಕೂದಲು ಗಂಟಾಗದಂತೆ ದಿನಾ ಬಾಚಬೇಕು. ಆ ಕೆಲಸ ಈಗ ಅಮ್ಮನದು, ಧಾರಾವಾಹಿ ನೋಡುತ್ತಾ. ಮೊನ್ನೆ ಬಾಚುತ್ತಲೇ ಕೇಳಿದರು, "ನಿಜ ಹೇಳು, ಇದಕ್ಕೆ ಎಷ್ಟು ಕೊಟ್ಟೆ?"

ಹೇಳಿದೆ. ಬಾಚಣಿಗೆ ಒಂದು ಕ್ಷಣ ನಿಂತಿತು.

"ಅಪ್ಪಂಗೆ ಹೇಳ್ಬೇಡ" ಅಂದರು.