ಕುಕ್ಕರುಗಾಲಿನ ಸೇವೆ

ಸಮಾಜಸೇವೆಗೆ ಹೊರಟವರಿಗೆ ಏನೇನು ಬೇಕು ಎಂದು ಕೇಳಿದರೆ ತ್ಯಾಗ, ಸಹನೆ, ಕರುಣೆ ಎಂದೆಲ್ಲ ದೊಡ್ಡ ಪಟ್ಟಿ ಸಿಗುತ್ತದೆ. ಉತ್ತರ ಘಾನಾದ ಹಳ್ಳಿಗೆ ಹೋಗುವವರಿಗೆ ನಾನು ಹೇಳುವುದು ಒಂದನ್ನೇ: ಮಂಡಿ ಗಟ್ಟಿಯಾಗಿರಲಿ. ತಮಾಲೆ ಪಟ್ಟಣದ ಸುತ್ತಲಿನ ದಗೊಂಬಾ ಜನರ ಸೀಮೆಯಲ್ಲಿ ಹಿರಿಯರನ್ನು ನಿಂತುಕೊಂಡು ಮಾತಾಡಿಸಿದರೆ ಮರ್ಯಾದೆಯಲ್ಲ. ಕುಕ್ಕರುಗಾಲಲ್ಲಿ ಕೂರಬೇಕು, ಕಣ್ಣು ತಗ್ಗಿಸಬೇಕು, ‘ದಸಿಬಾ’ ಎನ್ನಬೇಕು. ಅದು ಬೆಳಗಿನ ನಮಸ್ಕಾರ. ಅಲ್ಲಿಂದ ಪ್ರಶ್ನೋತ್ತರ ಶುರು. ನಿದ್ದೆ ಬಂತೇ? ಮನೆಯವರು ಹೇಗಿದ್ದಾರೆ? ಮಕ್ಕಳು? ಕೆಲಸ? ಬಹುಪಾಲು ಎಲ್ಲಕ್ಕೂ ‘ನಾ...’ ಎಂದು ರಾಗ ಎಳೆದರೆ ಸಾಕು, ಉತ್ತರ ಸಂದಾಯವಾದ ಹಾಗೆ. ಪರೀಕ್ಷೆ ಇಷ್ಟು ಸುಲಭ ಎಂದು ಮೊದಮೊದಲು ಹಿಗ್ಗಿದ್ದೆ. ಆದರೆ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಬೇವಿನ ನೆರಳಲ್ಲಿ ಕೂತ ಮುದುಕರಿಗೆಲ್ಲ ಒಬ್ಬೊಬ್ಬರಿಗೇ ಕುಕ್ಕರಿಸಿ ಎದ್ದರೆ ಬಸ್ಕಿ ಹೊಡೆಯುವ ಶಿಕ್ಷೆಯೇ ಮುಗಿದಿರುತ್ತಿತ್ತು.

ಬೀದಿಗೆ ಇಳಿದರೆ ಮಕ್ಕಳ ದಂಡು ‘ಸಿಲಿಮಿಂಗಾ! ಸಿಲಿಮಿಂಗಾ!’ ಎಂದು ಕೂಗುತ್ತ ಬೆನ್ನು ಹತ್ತುತ್ತಿತ್ತು. ಅದು ಬಿಳಿಯನಿಗೆ ಹೇಳುವ ಮಾತು. ನನ್ನ ಬಣ್ಣಕ್ಕೆ ಹೆಣ್ಣು ಕೊಡುವವರು ಯಾರು ಎಂದು ಕೊನೆಯತನಕ ಕೊರಗಿದ ನಮ್ಮಜ್ಜಿ ಆ ಕೂಗನ್ನು ಒಮ್ಮೆ ಕೇಳಬೇಕಿತ್ತು. ದೊಡ್ಡವರಿಗೆ ಮಾತ್ರ ಗೊತ್ತು, ನಾನು ಹಿಂದಿ ಸಿನಿಮಾದ ದೇಶದವನೆಂದು. ಅಮಿತಾಭ್ ಬಚ್ಚನ್ ನಮ್ಮ ಪಕ್ಕದ ಮನೆಯವನಲ್ಲ ಎಂದು ಅವರನ್ನು ಒಪ್ಪಿಸುವುದು ನನ್ನಿಂದಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಾವುದೋ ಮನೆಯಿಂದ ಕರೆ ಬರುತ್ತಿತ್ತು. ಗುಂಡು ಗುಡಿಸಲುಗಳು ಸುತ್ತ ನಿಂತು ನಡುವೆ ಒಂದು ಅಂಗಳ, ಅಂಗಳದಲ್ಲಿ ಒಲೆ, ಒಲೆಯ ಮೇಲೆ ತುವೊ ಜಾಫಿ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಕೋಲಿನಿಂದ ತೊಳಸುವ ಆ ಹೆಂಗಸರ ರಟ್ಟೆ ನೋಡಬೇಕು. ಬಣ್ಣ ಒಂದು ಬಿಟ್ಟರೆ ಅದು ನಮ್ಮ ರಾಗಿಮುದ್ದೆಯೇ: ಮುರಿ, ಅದ್ದು, ನುಂಗು, ಅಗಿಯಬೇಡ. ಅದ್ದುವುದಕ್ಕೆ ಅಯೋಯೋ ಎಂಬ ಸೊಪ್ಪಿನ ಲೋಳೆಲೋಳೆ ಸಾರು. ನಮ್ಮ ಗೋಣಿಚೀಲದ ಸೆಣಬಿನ ಗಿಡದ ಎಲೆಯೇ ಅದು ಎಂದು ತಿಳಿದ ದಿನ ಇನ್ನೊಂದು ಸೌಟು ಹಾಕಿಸಿಕೊಂಡೆ. ನಾನು ಉಂಡದ್ದು ಕಂಡು ಮನೆಯೊಡತಿಗೆ ಅಚ್ಚರಿ. ಅಗಿಯದೆ ನುಂಗುವ ಪರದೇಶಿಯನ್ನು ಅವಳು ಕಂಡಿರಲಿಲ್ಲವಂತೆ.

ಹಾಗಾದರೆ ನಾನು ಮಾಡಿದ ಕೆಲಸವೇನು ಎಂದು ನೀವು ಕೇಳುತ್ತೀರಿ. ನೀರಿನ ಹರವಿಗಳೊಳಗೆ ಇಣುಕಿ ನೋಡುವುದೇ ನನ್ನ ಕೆಲಸ. 2007ರ ಆಸುಪಾಸು, ಆ ಸೀಮೆಯಲ್ಲಿ ನಾರುಹುಣ್ಣು ಇನ್ನೂ ಇತ್ತು. ಹೆಂಗಸರು ಬೇಸಿನ್ ಹೊತ್ತು ಊರಾಚೆಯ ಕಟ್ಟೆಯಿಂದ ಕುಡಿಯುವ ನೀರು ತರುತ್ತಿದ್ದರು. ಆ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂತಿರುವ ಸೈಕ್ಲಾಪ್ಸ್ ಎಂಬ ಜೀವಿ. ಅದರ ಹೊಟ್ಟೆಯಲ್ಲಿ ಹುಳುವಿನ ಮರಿ. ಕುಡಿದವನಿಗೆ ಒಂದು ವರ್ಷದವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಿನ ಮೇಲೊಂದು ಬೊಬ್ಬೆ ಏಳುತ್ತದೆ. ಉರಿ ತಾಳಲಾರದೆ ಅವನು ಕಾಲನ್ನು ಕಟ್ಟೆಯ ನೀರಿಗೆ ಇಳಿಬಿಟ್ಟನೆನ್ನಿ, ಬೊಬ್ಬೆ ಒಡೆದು ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಉಗುಳುತ್ತದೆ. ಮುಂದಿನ ವರ್ಷದ ಬಿತ್ತನೆ ಮುಗಿದ ಹಾಗೆ.

ಒಬ್ಬ ಹುಡುಗನ ಪಾದದಿಂದ ಅದನ್ನು ತೆಗೆಯುವುದನ್ನು ಹತ್ತಿರ ಕೂತು ನೋಡಿದ್ದೇನೆ. ಕಾಲನ್ನು ಬಕೆಟ್ಟಿನಲ್ಲಿ ಅದ್ದಿಸಿ, ಹೊರಗೆ ಚಾಚಿದ ಬಿಳಿಯ ತುದಿಯನ್ನು ಒಂದು ಚಿಕ್ಕ ಕಡ್ಡಿಗೆ ಸುತ್ತುತ್ತಾರೆ. ದಿನಕ್ಕೆ ಒಂದೆರಡು ಅಂಗುಲ ಬಂದರೆ ಪುಣ್ಯ. ಅವಸರಪಟ್ಟು ಎಳೆದರೆ ಹುಳು ಒಳಗೇ ತುಂಡಾಗಿ ಕಾಲು ಬಾತು ಕೀವಾಗುತ್ತದೆ. ಪೂರ್ತಿ ಬಂದರೆ ಒಂದು ಮೀಟರಿನವರೆಗೂ ಉದ್ದ. ಹುಡುಗ ಅಳಲಿಲ್ಲ. ಕಡ್ಡಿ ತಿರುಗಿದಾಗಲೆಲ್ಲ ಅವನ ತಾಯಿ ಮುಖ ಆಚೆ ತಿರುಗಿಸುತ್ತಿದ್ದಳು. ಇದಕ್ಕೆ ಲಸಿಕೆ ಇಲ್ಲ, ವಾಸಿಮಾಡುವ ಔಷಧಿ ಇಲ್ಲ. ಸೋಸು ಬಟ್ಟೆಯೇ ದೊಡ್ಡ ಆಸರೆ. ಹರವಿಯ ಬಾಯಿಗೆ ಬಿಗಿದು ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯ ಮೇಲೆ ಉಳಿಯುತ್ತದೆ, ರೋಗ ಅಲ್ಲಿಗೇ ನಿಲ್ಲುತ್ತದೆ.

ಬಟ್ಟೆ ಎಲ್ಲ ಮನೆಗೂ ಕೊಟ್ಟಾಗಿತ್ತು. ಕಟ್ಟಿದ್ದಾರೋ, ಹರಿದಿದೆಯೋ ನೋಡುವವರು ಬೇಕಲ್ಲ? ಪರರ ಮನೆಯ ಒಳಗಿನ ಹರವಿಯನ್ನು ನೋಡಲು ನೀವು ಯಾರು? ಇಲ್ಲಿ ಬಂತು ನೋಡಿ ಕುಕ್ಕರುಗಾಲಿನ ಉಪಯೋಗ. ದಸಿಬಾ ಹೇಳಿ, ನಿದ್ದೆ, ಮಕ್ಕಳು, ಹೊಲ ಎಲ್ಲ ವಿಚಾರಿಸಿ, ಕೊಟ್ಟ ನೀರು ಕುಡಿದು, ಆಮೇಲೆ ಹರವಿಯ ಮಾತೆತ್ತಿದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಕಾರಿನಲ್ಲಿ ಬಂದು, ನಿಂತೇ ಪ್ರಶ್ನೆ ಕೇಳಿ, ಫಾರಂ ತುಂಬಿಕೊಂಡು ಹೋದ ಸಾಹೇಬರಿಗೆ ಎಲ್ಲ ಮನೆಯಲ್ಲೂ ‘ಸೋಸುತ್ತೇವೆ’ ಎಂಬ ಉತ್ತರವೇ ಸಿಕ್ಕಿತು. ಮನೆಯವರು ಸುಳ್ಳು ಹೇಳಿದರು ಎನ್ನಲಾರೆ. ಬಂದವರನ್ನು ಮರ್ಯಾದೆಯಿಂದ ಸಾಗಹಾಕಿದರು ಅಷ್ಟೆ. ನಮಸ್ಕಾರದ ಬೆಲೆ ಮೊದಲೇ ಅರಿತು ಬಂದವರೂ ಇದ್ದರು. 1961ರ ಆಗಸ್ಟ್‌ನಲ್ಲಿ ಅಮೆರಿಕದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್‌ನ ಮೊಟ್ಟಮೊದಲ ತಂಡ ಪಾಠ ಹೇಳಲೆಂದು ಬಂದಿಳಿದದ್ದು ಇದೇ ಘಾನಾಕ್ಕೆ. ಆ ತರುಣ ಮೇಷ್ಟ್ರುಗಳು ಅಕ್ರಾದ ವಿಮಾನ ನಿಲ್ದಾಣದಲ್ಲೇ ನಿಂತು ಅಲ್ಲಿನ ಟ್ವಿ ಭಾಷೆಯಲ್ಲಿ ಒಂದು ಹಾಡು ಹಾಡಿದರಂತೆ. ಬುದ್ಧಿವಂತರು, ಪಾಠಕ್ಕಿಂತ ಮೊದಲು ನಮಸ್ಕಾರ ಎಂಬುದು ಅವರಿಗೆ ಹೊಳೆದಿತ್ತು.

ನನ್ನನ್ನು ಮನೆಯಿಂದ ಮನೆಗೆ ಕರೆದೊಯ್ಯುತ್ತಿದ್ದವನು ಅದೇ ಊರಿನ ರೈತ. ನೆಲಗಡಲೆ, ಯಾಮ್ ಗೆಡ್ಡೆ ಬೆಳೆಯುವವನು. ನನಗೆ ಹೆಸರಿಗಾದರೂ ಭತ್ಯೆ, ವಿಮೆ, ವಾಪಸು ಟಿಕೆಟ್ಟು ಇದ್ದವು. ಅವನಿಗೆ ಇದ್ದದ್ದು ಒಂದು ಸೈಕಲ್ಲು, ಒಂದು ರಿಜಿಸ್ಟರು, ಬಗಲಲ್ಲಿ ಬ್ಯಾಂಡೇಜಿನ ಚೀಲ. ಬಿತ್ತನೆಯ ಕಾಲದಲ್ಲೂ ನಸುಕಿನಲ್ಲಿ ಎದ್ದು ಯಾರ ಕಾಲಲ್ಲಿ ಬೊಬ್ಬೆ ಎದ್ದಿದೆ ಎಂದು ಹುಡುಕಿಕೊಂಡು ಹೋಗುತ್ತಿದ್ದ. ಬೊಬ್ಬೆ ಎದ್ದವನನ್ನು ಕಟ್ಟೆಗೆ ಇಳಿಯದಂತೆ ಕಾಯುತ್ತಿದ್ದ. ಊರು ನನ್ನನ್ನು ಸ್ವಯಂಸೇವಕ ಎಂದು ಕರೆದು ಬೇಯಿಸಿದ ಗಿನಿಕೋಳಿ ಮೊಟ್ಟೆ ಕೊಡುತ್ತಿತ್ತು. ಅವನನ್ನು ಹೆಸರು ಹಿಡಿದು ಕರೆದು ಕೆಲಸ ಹೇಳುತ್ತಿತ್ತು.

ಈ ಹುಳು ನಮಗೂ ಹೊಸದಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ಕಾಲಿಳಿಸಿ ನೀರು ತುಂಬಿದ ತಲೆಮಾರಿಗೆ ನಾರುಹುಣ್ಣು ಚೆನ್ನಾಗಿ ಗೊತ್ತು. ಇಂಡಿಯಾದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ದೇಶ ಮುಕ್ತವೆಂದು ಪ್ರಮಾಣಪತ್ರ ಬಂತು. 1989ರಲ್ಲಿ ಘಾನಾದಲ್ಲಿ ಹೆಚ್ಚುಕಡಿಮೆ 1,80,000 ಮಂದಿಗೆ ಈ ರೋಗವಿತ್ತು. ಕೊನೆಯ ಪ್ರಕರಣ ವರದಿಯಾದದ್ದು 2010ರ ಮೇ ತಿಂಗಳಲ್ಲಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘಾನಾವನ್ನೂ ಮುಕ್ತವೆಂದು ಸಾರಿತು. ಲಸಿಕೆಯಿಲ್ಲದೆ, ಮಾತ್ರೆಯಿಲ್ಲದೆ, ಬಹುಪಾಲು ಬಟ್ಟೆ ಮತ್ತು ಕಾವಲಿನಿಂದ ಆದ ಕೆಲಸ.

ಹಣ ದೂರದಿಂದ ಬಂತು, ಬಟ್ಟೆಯೂ ದೂರದಿಂದ ಬಂತು, ನಮ್ಮಂಥವರೂ ದೂರದಿಂದ ಬಂದೆವು. ಯಾವುದನ್ನೂ ನಾನು ಹಗುರ ಮಾಡುತ್ತಿಲ್ಲ. ಆದರೆ ಕಾವಲು ಊರಿನದೇ. ಆದ್ದರಿಂದ ಆಫ್ರಿಕಾಕ್ಕೋ ಕಲಬುರಗಿಗೋ ಸೇವೆಗೆಂದು ಹೊರಡುವ ತರುಣರಲ್ಲಿ ನನ್ನದೊಂದು ಅರಿಕೆ. ನೀವು ತಲುಪುವ ಮೊದಲೇ ಆ ಊರಿನಲ್ಲಿ ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿರುವ ಒಬ್ಬ ಇದ್ದೇ ಇರುತ್ತಾನೆ, ಇಲ್ಲವೇ ಒಬ್ಬಳು ಇರುತ್ತಾಳೆ. ಮೊದಲು ಅವರನ್ನು ಹುಡುಕಿ, ಅವರ ಹಿಂದೆ ನಡೆಯಿರಿ. ದೊರೆತ ಪ್ರಶಂಸಾಪತ್ರದಲ್ಲಿ ಅವರ ಹೆಸರನ್ನೂ ಬರೆಸಿ.