ಬಚ್ಚಲ ಹಿಂದಿನ ಬಜೆ

ಮನೆಗೆ ಬಂದವರಿಗೆ ಎಲ್ಲರೂ ತೋರಿಸುವುದು ಮುಂದಿನ ಅಂಗಳವನ್ನು. ಗುಲಾಬಿ, ದಾಸವಾಳ, ಕ್ರೋಟನ್, ಹೆಚ್ಚೆಂದರೆ ತೂಗುಹಾಕಿದ ಒಂದು ಆರ್ಕಿಡ್. "ಬನ್ನಿ, ನಮ್ಮ ಬಚ್ಚಲ ಹಿಂದಿನ ಕೆಸರು ನೋಡುವಿರಂತೆ" ಎಂದು ಕರೆದ ಗೃಹಿಣಿಯನ್ನು ನಾನಂತೂ ಕಂಡಿಲ್ಲ. ಆದರೆ ಮಲೆನಾಡಿನ ಹಳೆಯ ಮನೆಗಳಲ್ಲಿ ಸಂಸಾರ ಮಾಡಿದವರಿಗೆ ಗೊತ್ತು, ಹೊತ್ತಿಗೆ ಒದಗುವುದು ಆ ಕೆಸರೇ. ಪತ್ರೊಡೆಗೆ ಕೆಸುವಿನೆಲೆ, ತಂಬುಳಿಗೆ ಒಂದೆಲಗ, ಊಟಕ್ಕೆ ಬಾಳೆಲೆ, ಸಂಜೆ ಮುಡಿಗೆ ಸುಗಂಧಿ ಹೂ, ಎಲ್ಲವೂ ಸ್ನಾನದ ನೀರು ಕುಡಿದು ಬೆಳೆದವು. ಮನೆಮಂದಿಯೆಲ್ಲ ಮೈ ತೊಳೆದು ಚೆಲ್ಲಿದ್ದನ್ನು ಹಸಿರು ಮಾಡಿ ಮತ್ತೆ ಮನೆಯೊಳಗೇ ಕಳಿಸುವ ಜಾಗ ಅದು.

ಈ ಕೂಟದಲ್ಲಿ ಯಾರ ಕಣ್ಣಿಗೂ ಬೀಳದ ಗಿಡವೊಂದಿದೆ, ಬಜೆ. ಕತ್ತಿಯ ಅಲಗಿನಂಥ ಎಲೆ, ಎರಡು ಮೂರು ಅಡಿ ಎತ್ತರ. ಎಲೆಯ ಅಂಚು ಅಲ್ಲಲ್ಲಿ ಇಸ್ತ್ರಿ ಕಾಣದ ಸೀರೆಯ ಹಾಗೆ ಸುಕ್ಕುಸುಕ್ಕು. ನೋಡಿದವರು ಹುಲ್ಲೆನ್ನುತ್ತಾರೆ. ಹೂ ಬಿಟ್ಟರೂ ಅದು ಹೂವೆಂದು ಯಾರೂ ಒಪ್ಪುವುದಿಲ್ಲ. ಎಲೆಯಂಥದೇ ದಂಟಿನ ಪಕ್ಕದಿಂದ ಕಿರುಬೆರಳಿನಷ್ಟು ಹಸಿರು ತೆನೆಯೊಂದು ಓರೆಯಾಗಿ ಚಾಚಿಕೊಳ್ಳುತ್ತದೆ, ಅಷ್ಟೇ. ಅದರ ಗುಣವೆಲ್ಲ ಪರಿಮಳದಲ್ಲಿ. ಎಲೆ ಮುರಿದು ಮೂಸಿ ನೋಡಿ. ಕೆಸರಿನಲ್ಲಿ ಅಡ್ಡಡ್ಡ ಹರಿದು ಹೋಗುವ ಗಂಟುಗಂಟಿನ ಗಡ್ಡೆಯನ್ನು ಕಿತ್ತು ಉಗುರಿನಿಂದ ಕೆರೆದು ನೋಡಿ. ಬಾಣಂತಿ ಕೋಣೆ, ಅಜ್ಜಿಯ ಟ್ರಂಕು, ಹಳೆಯ ಪುಸ್ತಕ, ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತವೆ.

ಸಂಸ್ಕೃತದಲ್ಲಿ ಇದರ ಹೆಸರು 'ವಚಾ'. ಹೆಸರಿನಲ್ಲೇ ಮಾತಿದೆ. ಬಜೆ ತೇದು ನಾಲಿಗೆಗೆ ಸವರಿದರೆ ಮಗುವಿಗೆ ಮಾತು ಬೇಗ ಬರುತ್ತದೆಂದು ನಂಬದ ಅಜ್ಜಿಯರು ದಕ್ಷಿಣ ದೇಶದಲ್ಲೇ ಅಪರೂಪ. ತೆಲುಗಿನಲ್ಲಿ ಇದು 'ವಸ'. ಬಾಯಿ ಮುಚ್ಚದೆ ಹರಟುವವರನ್ನು ಅವರು 'ವಸ ಪಿಟ್ಟ' ಎಂದೇ ಕರೆಯುತ್ತಾರೆ. ತಮಿಳರಿಗೆ 'ವಸಂಬು'. ಅಲ್ಲಿ ಇದಕ್ಕೆ 'ಹೆಸರು ಹೇಳದ ಮದ್ದು' ಎಂಬ ಅರ್ಥದ ಮತ್ತೊಂದು ಹೆಸರೂ ಉಂಟು. ಮಲಯಾಳದಲ್ಲಿ 'ವಯಂಬು', ಚಿನ್ನದ ಜೊತೆ ತೇದು ಜೇನಿನಲ್ಲಿ ಕೊಡುವುದು. ನಮ್ಮ ಮನೆಯಲ್ಲಿ ಯಾರಾದರೂ ಅತಿಯಾಗಿ ಮಾತಾಡಿದರೆ, "ಇವಳಿಗೆ ಬಜೆ ಒಂದು ಸುತ್ತು ಜಾಸ್ತಿ ತೇದಿದ್ದಾರೆ" ಎನ್ನುವುದು ವಾಡಿಕೆ. ಆ ಮಾತನ್ನು ಹೆಚ್ಚಾಗಿ ಕೇಳಿಸಿಕೊಂಡವಳು ನಾನೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹಿತ್ತಿಲಿನ ಬಜೆ ನಮ್ಮ ಅತ್ತೆಯವರದು. ಮದುವೆಯಾಗಿ ಬಂದಾಗ ತವರಿನಿಂದ ತಂದ ಒಂದು ಗಡ್ಡೆಯ ವಂಶ ಅದಂತೆ. ಚಳಿಗಾಲದ ಕೊನೆಗೆ ಎಲೆ ಹಳದಿ ತಿರುಗುವಾಗ ಅವರು ಸೆರಗು ಸಿಕ್ಕಿಸಿ ಕೆಸರಿಗೆ ಇಳಿಯುತ್ತಿದ್ದರು. ಗಡ್ಡೆ ಕಿತ್ತು, ತೊಳೆದು, ಎರಡೆರಡು ಅಂಗುಲದ ತುಂಡು ಮಾಡಿ ಬಿಸಿಲಿಗೆ ಹಾಕಿದರೆ ವಾರವೆಲ್ಲ ಅಂಗಳ ಘಮಘಮ. ಒಣಗಿದ ಮೇಲೆ ಗೋಣಿಚೀಲದಲ್ಲಿ ಹಾಕಿ ತಿಕ್ಕಿ, ಬೇರಿನ ಕೂದಲೆಲ್ಲ ಉದುರಿಸುವುದು. ಆಮೇಲೆ ಅದರ ಹಂಚಿಕೆ ಶುರು. ರೇಷ್ಮೆ ಸೀರೆಯ ಟ್ರಂಕಿಗೆ ನಾಲ್ಕು, ಮಾವನವರ ಪುಸ್ತಕದ ಕಪಾಟಿಗೆ ನಾಲ್ಕು, ಬಾಣಂತಿ ಇರುವ ಮನೆಗಳಿಗೆ ಕೇಳಿದಷ್ಟು. ಹುಳುವಿಗೆ ಬಜೆ ಆಗದು. ಇದು ಬರೀ ಅಜ್ಜಿಯರ ಲೆಕ್ಕಾಚಾರವಲ್ಲ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ನಡುವೆ ಇಡುತ್ತಾ ಬಂದಿರುವ ಪುಡಿಯ ಗಂಟಿನಲ್ಲಿ ಲವಂಗ, ಮೆಣಸು, ದಾಲ್ಚಿನ್ನಿ, ಕರ್ಪೂರಗಳ ಜೊತೆ ಬಜೆಯೂ ಇದೆ.

2015ರಲ್ಲಿ ನನ್ನ ಮಗಳು ಹೆರಿಗೆಗೆಂದು ಮನೆಗೆ ಬಂದಳು. ಹೆಣ್ಣು ಮಗು. ಹನ್ನೆರಡನೆಯ ದಿನ ಅತ್ತೆಯವರು ತಮ್ಮ ತೇಯುವ ಕಲ್ಲನ್ನು ತೊಳೆದು, ಎದೆಹಾಲಿಗೆ ಬೆಳ್ಳಿಯ ಒಳಲೆ ಹಿಡಿದು ಬಂದು ಕೂತರು. ಮಗಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡು, "ಬೇಡ ಅಜ್ಜಿ, ಡಾಕ್ಟರು ಬೇಡ ಅಂದಿದ್ದಾರೆ" ಎಂದಳು.

ಮಕ್ಕಳ ವೈದ್ಯರು ಹೇಳಿದ್ದು ಇಷ್ಟು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಮಗುವಿನ ಬಾಯಿಗೆ ಬೇರೇನೂ ಬೇಡ, ನೀರು ಕೂಡ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. ಅದರಲ್ಲೂ ಬಜೆ ಬೇಡವೇ ಬೇಡ. ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಆ ಎಣ್ಣೆಯನ್ನು ಇಲಿಗಳಿಗೆ ಬಹುಕಾಲ ತಿನ್ನಿಸಿ ನೋಡಿದಾಗ ಕರುಳಿನಲ್ಲಿ ದುರ್ಮಾಂಸ ಬೆಳೆಯಿತು. 1968ರಲ್ಲಿ ಅಮೆರಿಕದ ಸರ್ಕಾರ ಆಹಾರ ಪದಾರ್ಥಗಳಲ್ಲಿ ಬಜೆ ಬೆರೆಸುವುದನ್ನೇ ನಿಷೇಧಿಸಿತು. ವಿಚಿತ್ರ ನೋಡಿ, ಎಲ್ಲ ದೇಶದ ಬಜೆಯೂ ಒಂದೇ ಅಲ್ಲ. ಉತ್ತರ ಅಮೆರಿಕದ ಜವುಗಿನಲ್ಲಿ ಬೆಳೆಯುವ ಬಜೆಯಲ್ಲಿ ಈ ಅಂಶವಿಲ್ಲ. ಯುರೋಪಿನದರಲ್ಲಿ ಸ್ವಲ್ಪ. ನಮ್ಮ ಭಾರತದ್ದರಲ್ಲೇ ಜಾಸ್ತಿ. ಇಲಿಗಳಿಗೆ ಕೊಟ್ಟಷ್ಟು ಬಜೆಯನ್ನು ಯಾವ ಅಜ್ಜಿಯೂ ಮಗುವಿಗೆ ತೇಯುವುದಿಲ್ಲ, ನಿಜ. ಆದರೆ ಕಲ್ಲಿನ ಮೇಲೆ ತೇಯುವ ಕೈಗೆ ಅಳತೆಯೆಲ್ಲಿದೆ? ಒಂದು ಸುತ್ತು ಹೆಚ್ಚಾಗಿ ವಾಂತಿ ಮಾಡಿಕೊಂಡ ಶಿಶುಗಳನ್ನು ವೈದ್ಯರು ನೋಡುತ್ತಲೇ ಇರುತ್ತಾರೆ.

ಅತ್ತೆಯವರಿಗೆ ಆಗ ಎಂಬತ್ತೆರಡು. "ನಿನ್ನಪ್ಪ ಬಜೆ ತಿಂದೇ ಬೆಳೆದದ್ದು ಮಾರಾಯ್ತಿ. ಅವನಿಗೇನಾಯ್ತು?" ಎಂದು ಕೇಳಿದರು.

"ಅಪ್ಪ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ನಿನ್ನ ಬಜೆ ಕೆಲಸ ಮಾಡಿದ್ದೆಲ್ಲಿ ಅಜ್ಜಿ?" ಎಂದಳು ಮಗಳು.

ಎಲ್ಲರೂ ನಕ್ಕೆವು. ಅತ್ತೆಯವರು ನಗಲಿಲ್ಲ. ಕಲ್ಲನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಅವರ ಮೊದಲ ಮಗು ಮೂರು ತಿಂಗಳಿಗೆ ಹೋದದ್ದು ನನಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗಬೇಕೆಂದರೆ ಹೊಳೆ ದಾಟಬೇಕಿದ್ದ ಊರು, ಆಷಾಢದ ಮಳೆ. ಆ ದಿನಗಳಲ್ಲಿ ಬಾಣಂತಿ ಕೋಣೆಯೊಳಗೆ ಇದ್ದ ಆಸ್ಪತ್ರೆಯೆಂದರೆ ಆ ತೇಯುವ ಕಲ್ಲೊಂದೇ. ಬಜೆ ಬೇಡವೆಂದರೆ ಅವರ ಕಿವಿಗೆ ಅದು ಗಿಡಮೂಲಿಕೆಯ ಮಾತಾಗಿ ಕೇಳುವುದಿಲ್ಲ, ನೀನು ಬೇಡವೆಂದ ಹಾಗೆ ಕೇಳುತ್ತದೆ. ಅತ್ತ ಮಗಳ ಮಾತೂ ತಪ್ಪಲ್ಲ. ತಿಳಿದ ಮೇಲೆ ತಿಳಿಯದವರ ಹಾಗೆ ನಟಿಸುವುದು ತಾಯಿಗೆ ಸಾಧ್ಯವಿಲ್ಲ. ನಡುವೆ ನಿಂತವಳು ನಾನು, ಒಬ್ಬರಿಗೆ ಸೊಸೆ, ಒಬ್ಬಳಿಗೆ ತಾಯಿ.

ಮೂರನೆಯ ದಿನ ಅತ್ತೆಯವರೇ ದಾರಿ ಹುಡುಕಿದರು. ಒಣಗಿದ ಬಜೆಯ ತುಂಡುಗಳಿಗೆ ದಬ್ಬಣದಿಂದ ತೂತು ಮಾಡಿ, ಕಪ್ಪು ದಾರದಲ್ಲಿ ಪೋಣಿಸಿ ತಂದರು. ಮಗುವಿನ ಕೈಗೆ ಕಟ್ಟುವ ಪದ್ಧತಿ ಅದು. ಕೈಗೆ ಕಟ್ಟಿದರೆ ಬಾಯಿಗೆ ಹೋಗುತ್ತದೆಂದು ಮಗಳು ಬಾಯಿ ತೆರೆಯುವ ಮೊದಲೇ, "ಕೈಗಲ್ಲ" ಎಂದು ಹೇಳಿ, ತೊಟ್ಟಿಲಿನ ಹಗ್ಗಕ್ಕೆ ಮಗುವಿಗೆ ಎಟುಕದಷ್ಟು ಮೇಲೆ ಕಟ್ಟಿದರು. ಮಗಳು ಸುಮ್ಮನಾದಳು. ತೊಟ್ಟಿಲು ತೂಗಿದಾಗಲೆಲ್ಲ ಕೋಣೆಗೆ ತೆಳ್ಳಗೆ ಪರಿಮಳ ಬರುತ್ತಿತ್ತು. ಪುಟ್ಟಿ ಒಂದು ಹನಿ ಬಜೆ ನೆಕ್ಕದೆ ಬೆಳೆದಳು. ಒಂದೂವರೆ ವರ್ಷಕ್ಕೆ ಅವಳ ಬಾಯಿ ಮುಚ್ಚಿಸುವುದೇ ಒಂದು ಉದ್ಯೋಗವಾಯಿತು. "ನೋಡಿದ್ಯಾ ಅಜ್ಜಿ, ಬಜೆ ಇಲ್ಲದೇನೇ" ಎಂದು ಮಗಳು ಹೇಳಿದರೆ, "ತೊಟ್ಟಿಲಿಗೆ ಕಟ್ಟಿದವರು ಯಾರು?" ಎಂದರು ಅತ್ತೆ. ಈ ವಾದಕ್ಕೆ ಉತ್ತರವಿಲ್ಲ.

ಈ ಗಿಡಕ್ಕೆ ಪರದೇಶದಲ್ಲಿ ಎಂಥ ಮರ್ಯಾದೆಯಿದೆ ಎಂದು ನನಗೆ ತಿಳಿದದ್ದು 2018ರಲ್ಲಿ. ಮಗ ಟೋಕಿಯೋದಲ್ಲಿ ಕೆಲಸದಲ್ಲಿದ್ದ. ಏಪ್ರಿಲ್ ಕೊನೆಗೆ ಹೋಗಿ ನಾವಿಬ್ಬರೂ ಅವನ ಜೊತೆ ಎರಡು ತಿಂಗಳು ಇದ್ದೆವು. ಮೇ ಮೊದಲ ವಾರ ತರಕಾರಿ ಅಂಗಡಿಗೆ ಹೋದಾಗ ಸೊಪ್ಪಿನ ಪಕ್ಕದಲ್ಲಿ ಉದ್ದನೆಯ ಎಲೆಗಳ ಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕೈಗೆ ಎತ್ತಿ ಮೂಸಿದೆ. ಬಜೆ! ಅಂಗಡಿಯ ನಡುವೆ ನಿಂತು, "ಏನ್ರೀ, ನಮ್ಮ ಬಚ್ಚಲ ಹಿಂದಿನದು ಇಲ್ಲಿದೆ" ಎಂದು ಯಜಮಾನರನ್ನು ಕೂಗಿದೆ.

ಜಪಾನಿನಲ್ಲಿ ಬಜೆಯ ಹೆಸರು 'ಶೋಬು'. ಮೇ 5 ಅಲ್ಲಿ ಗಂಡುಮಕ್ಕಳ ಹಬ್ಬವಾಗಿತ್ತು. 1948ರಿಂದ ಎಲ್ಲ ಮಕ್ಕಳ ದಿನವೆಂದು ರಜೆ ಕೊಡುತ್ತಾರೆ. ಆ ದಿನ ಬಿಸಿನೀರಿನ ತೊಟ್ಟಿಗೆ ಬಜೆಯ ಎಲೆಗಳನ್ನು ಹಾಕಿ ಮಕ್ಕಳಿಗೆ ಸ್ನಾನ ಮಾಡಿಸುವುದು ಹಳೆಯ ಪದ್ಧತಿ. ಕೆಲವರು ಒಂದು ಎಲೆಯನ್ನು ಮಗುವಿನ ತಲೆಗೂ ಸುತ್ತಿ ಕಟ್ಟುತ್ತಾರೆ. ಕೆಟ್ಟದ್ದು ಹತ್ತಿರ ಸುಳಿಯಬಾರದೆಂದು. ಶೌರ್ಯವನ್ನು ಗೌರವಿಸುವುದು ಎಂಬ ಅರ್ಥದ ಪದವೂ ಅವರಲ್ಲಿ 'ಶೋಬು' ಎಂದೇ ಕೇಳಿಸುವುದರಿಂದ ಗಂಡುಮಕ್ಕಳಿಗೂ ಈ ಎಲೆಗೂ ನಂಟು ಬೆಳೆಯಿತಂತೆ. ಇಲ್ಲಿ ಮಾತಿಗೆ, ಅಲ್ಲಿ ಶೌರ್ಯಕ್ಕೆ. ನಮ್ಮಲ್ಲಿ ಬಚ್ಚಲಿನ ನೀರು ಬಜೆಗೆ ಹೋಗುತ್ತದೆ, ಅವರಲ್ಲಿ ಬಜೆಯೇ ಬಚ್ಚಲಿಗೆ ಬರುತ್ತದೆ.

ಜೂನ್ ತಿಂಗಳಲ್ಲಿ ಮಗ ಮೇಯಿಜಿ ದೇವಾಲಯದ ಒಳತೋಟಕ್ಕೆ ಕರೆದುಕೊಂಡು ಹೋದ. ಮೇಯಿಜಿ ಚಕ್ರವರ್ತಿ ತನ್ನ ರಾಣಿಗಾಗಿ ನೆಡಿಸಿದ ಐರಿಸ್ ಹೂಗಳ ತಗ್ಗು ಅಲ್ಲಿದೆ. ಗದ್ದೆಯಂಥ ಕೆಸರಿನಲ್ಲಿ ಸಾಲುಸಾಲಾಗಿ ನೇರಳೆ, ಬಿಳಿ, ತಿಳಿನೀಲಿ ಹೂಗಳು. ಒಂದೊಂದೂ ಅಂಗೈ ಅಗಲ, ಎಸಳು ನೆನೆದ ರೇಷ್ಮೆಯ ಹಾಗೆ ಇಳಿಬಿದ್ದಿತ್ತು. ಕೆಳಗಿನ ಎಲೆ ಮಾತ್ರ ಥೇಟು ನಮ್ಮ ಬಜೆ. "ಇದು ಹನಶೋಬು ಅಮ್ಮ. 'ಹನ' ಅಂದ್ರೆ ಹೂ. ಶೋಬು ಅಂದ್ರೆ ನಿನ್ನ ಬಜೆ" ಎಂದ ಮಗ. ಹೂವಿನ ಬಜೆ! ಬೇರೆಯೇ ಕುಲದ ಗಿಡ, ಎಲೆಯಲ್ಲಿ ಬಜೆಯ ಪರಿಮಳವಿಲ್ಲ. ಆದರೂ ಎಲೆಯ ಹೋಲಿಕೆಯಿಂದ ಆ ಹೆಸರು. ಯುರೋಪಿನ ಕೊಳಗಳ ಅಂಚಿನಲ್ಲಿ ಬೆಳೆಯುವ ಹಳದಿ ಐರಿಸ್ ಇದೆಯಲ್ಲ, ಅದಕ್ಕೂ 1753ರಲ್ಲಿ ಲಿನ್ನೇಯಸ್ ಎಂಬ ಸಸ್ಯಶಾಸ್ತ್ರಜ್ಞ ಇಟ್ಟ ಹೆಸರು 'ಐರಿಸ್ ಸೂಡಕೋರಸ್', ಅಂದರೆ ಹುಸಿ ಬಜೆ. ಅರಮನೆಯ ರಾಜಕುಮಾರಿಗೆ ಅಡುಗೆಯವಳ ಹೆಸರಿಟ್ಟ ಹಾಗಾಯಿತು. ರಾತ್ರಿ ಫೋನಿನಲ್ಲಿ ಅತ್ತೆಯವರಿಗೆ ಇದನ್ನೆಲ್ಲ ವರದಿ ಮಾಡಿದೆ. ಎಲ್ಲ ಕೇಳಿ, "ಅಲ್ಲಿ ಮಕ್ಕಳಿಗೆ ತೇದು ಹಾಕೋದಿಲ್ವಂತಾ?" ಎಂದರು. ಇಲ್ಲ, ಸ್ನಾನಕ್ಕೆ ಮಾತ್ರ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ತೊಟ್ಟಿಲಿಗೆ ಕಟ್ಟಿದ್ದೂ ನಡೀತದೆ" ಎಂದರು.

ಆ ಹೂಗಳ ಗಡ್ಡೆಯೊಂದನ್ನು ತರುವ ಆಸೆ ನನಗೂ ಆಯಿತು. ಪರದೇಶದ ಸಸಿ ಗಡ್ಡೆಗಳನ್ನು ಕಾಗದಪತ್ರವಿಲ್ಲದೆ ತರುವಂತಿಲ್ಲ. ತಂದರೂ ಫಲವಿಲ್ಲ. ಅವಕ್ಕೆ ಬೇಸಿಗೆಯ ಕೆಸರಿನಷ್ಟೇ ಚಳಿಗಾಲದ ಕೊರೆತವೂ ಬೇಕು. ನಮ್ಮ ಹವೆಯಲ್ಲಿ ಎಲೆ ಬಿಟ್ಟುಕೊಂಡು ಮುನಿಸಿಕೊಂಡು ಕೂತಾವು. ಆಸೆ ತೀರದವರು 'ನಡೆಯುವ ಐರಿಸ್' ಎಂದು ನರ್ಸರಿಗಳಲ್ಲಿ ಮಾರುವ ಹಳದಿ ಹೂವಿನ ಗಿಡ ನೆಡಬಹುದು. ತೇವವಿದ್ದರೆ ಅದಕ್ಕೆ ಸಾಕು. ಬೆಳಿಗ್ಗೆ ಅರಳಿದ ಹೂ ಸಂಜೆಯ ಹೊತ್ತಿಗೆ ಮುದುಡುತ್ತದೆ. ಹೂ ಮುಗಿದ ದಂಟಿನ ತುದಿಯಲ್ಲಿ ಮರಿ ಹುಟ್ಟಿ, ಭಾರಕ್ಕೆ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಹಾಗೆ ಹೆಜ್ಜೆ ಇಟ್ಟುಕೊಂಡೇ ಅಂಗಳ ದಾಟುತ್ತದೆ.

2020ರ ಚಳಿಗಾಲದಲ್ಲಿ ಅತ್ತೆಯವರು ತೀರಿಕೊಂಡರು. ತಿಂಗಳು ಕಳೆದ ಮೇಲೆ ಅವರ ಟ್ರಂಕು ತೆರೆದೆವು. ಮದುವೆಯ ಸೀರೆಗೆ ಒಂದು ತೂತೂ ಬಿದ್ದಿರಲಿಲ್ಲ. ಮಡಿಕೆಯ ನಡುವೆ ಬಜೆಯ ತುಂಡುಗಳು, ತಳದಲ್ಲಿ ತೇಯುವ ಕಲ್ಲು, ಒಂದು ಹಳೆಯ ರವಿಕೆಯಲ್ಲಿ ಸುತ್ತಿಟ್ಟದ್ದು. ಮಗಳು ಆ ಕಲ್ಲನ್ನು ತಾನು ಒಯ್ಯುತ್ತೇನೆಂದಳು. ಏನು ತೇಯುತ್ತೀ ಎಂದು ನಾನು ಕೇಳಲಿಲ್ಲ. ಈಗ ಅವಳ ದೇವರಕೋಣೆಯಲ್ಲಿ ಗಂಧ ತೇಯಲು ಇದೆ.

2022ರಲ್ಲಿ ನಮ್ಮ ಬೀದಿಗೆ ಒಳಚರಂಡಿ ಬಂತು. ಬಚ್ಚಲ ನೀರು ಕೊಳವೆಗೆ ಸೇರಿತು. ಬೀದಿಗೆ ಒಳ್ಳೆಯದೇ ಆಯಿತು, ಸೊಳ್ಳೆ ಕಡಿಮೆಯಾಯಿತು. ಆದರೆ ಎರಡೇ ಬೇಸಿಗೆಯಲ್ಲಿ ಹಿತ್ತಿಲು ಬಿರುಕು ಬಿಟ್ಟಿತು. ಸುಗಂಧಿ ಒಣಗಿತು, ಕೆಸು ಸೊರಗಿತು. ಬಜೆಯನ್ನು ಮಾತ್ರ ಕಿತ್ತು ಸಿಮೆಂಟಿನ ತೊಟ್ಟಿಗೆ ಸಾಗಿಸಿದೆ. ಅಲ್ಲೀಗ ಅದು ಸುಖವಾಗಿದೆ.

ಬೆಳೆಸುವ ಮನಸ್ಸಿದ್ದವರಿಗೆ ಇದು ಕಷ್ಟದ ಗಿಡವಲ್ಲ. ಒಂದೂವರೆ ಅಡಿ ಆಳದ ತೊಟ್ಟಿ, ಒಡೆದ ಬಕೆಟ್ ಆದರೂ ಸರಿ. ಕೆರೆಯ ಗೋಡುಮಣ್ಣಿಗೆ ಹಳೆಯ ಸಗಣಿಗೊಬ್ಬರ ಬೆರೆಸಿ ತುಂಬಿ. ಮಳೆಗಾಲದ ಆರಂಭದಲ್ಲಿ, ತುದಿಯಲ್ಲಿ ಮೊಳಕೆಯಿರುವ ಬೆರಳುದ್ದದ ಗಡ್ಡೆಯನ್ನು ಎರಡು ಬೆರಳು ಆಳಕ್ಕೆ ಅಡ್ಡವಾಗಿ ಒತ್ತಿ. ಹೆಚ್ಚು ನೆಡುವುದಾದರೆ ಒಂದರಿಂದ ಒಂದಕ್ಕೆ ಅಡಿಯಷ್ಟು ಅಂತರವಿರಲಿ. ತುಮಕೂರು ಜಿಲ್ಲೆಯ ಕೊರಟಗೆರೆಯ ಕಡೆ ರೈತರು ಇದನ್ನು ಬತ್ತದ ಹಾಗೆ ಗದ್ದೆಯಲ್ಲಿ ನೀರು ನಿಲ್ಲಿಸಿಯೇ ಬೆಳೆಯುತ್ತಾರೆ. ಮನೆಯಲ್ಲಿ ಹಾಗೆ ನೀರು ನಿಲ್ಲಿಸಬೇಡಿ, ಡೆಂಗಿ ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗಾಗುತ್ತದೆ. ಮಣ್ಣು ಸದಾ ಕೆಸರಾಗಿದ್ದರೆ ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಮ್ಮ ತೊಟ್ಟಿಗೆ ಧಾರಾಳವಾಗಿ ಆಗುತ್ತದೆ. ಅರ್ಧ ದಿನದ ಬಿಸಿಲಿರಲಿ. ವರ್ಷದೊಳಗೆ ತೊಟ್ಟಿ ತುಂಬಿ ಗಡ್ಡೆಗಳು ಒಂದನ್ನೊಂದು ತಳ್ಳಾಡುತ್ತವೆ. ಆಗ ಅರ್ಧ ಕಿತ್ತು ಒಣಗಿಸಿ, ಅರ್ಧ ಉಳಿಸಿ.

ಕೇಳಿದವರಿಗೆ ಕೊಡುವುದನ್ನು ನಾನೂ ನಿಲ್ಲಿಸಿಲ್ಲ. ಕೊಡುವಾಗ ಮಾತ್ರ, ಸೀರೆಗೆ, ಪುಸ್ತಕಕ್ಕೆ, ತೊಟ್ಟಿಲ ಹಗ್ಗಕ್ಕೆ ಎಷ್ಟಾದರೂ ಬಳಸಿ, ಮಗುವಿನ ಬಾಯಿಗೆ ಬೇಡ ಎಂದು ಹೇಳಿಯೇ ಕೊಡುತ್ತೇನೆ. ಏಕೆ ಎಂದು ಕೇಳಿದರೆ ಇಷ್ಟೂ ಕಥೆ ಹೇಳುತ್ತೇನೆ. ಮೊನ್ನೆ ಪಕ್ಕದ ಬೀದಿಯ ಹೊಸ ಸೊಸೆ ಒಂದು ಗಡ್ಡೆಗೆಂದು ಬಂದವಳು ಮುಕ್ಕಾಲು ಗಂಟೆ ನಿಂತೇ ಕೇಳಿದಳು. ಹೊರಡುವಾಗ ನನ್ನ ಮುಖವನ್ನೇ ನೋಡುತ್ತಾ, "ಆಂಟಿ, ನಿಮಗೆ ಚಿಕ್ಕಂದಿನಲ್ಲಿ ಬಜೆ ಹಾಕಿದ್ದರಾ?" ಎಂದಳು.